ಕೆಂಪು ಪೆನ್ಸಿಲ್ ತಾಕದ ಫೋಟೋ

ಚನ್ನಪಟ್ಟಣದ ನಟರಾಜುವಿಗೆ ಹೊಟ್ಟೆಕಿಚ್ಚು ಹೊಸದಲ್ಲ. ಎದುರು ಸಾಲಿನಲ್ಲಿ ಇನ್ನೊಂದು ಸ್ಟುಡಿಯೋ ಬಾಗಿಲು ತೆರೆದಾಗ ಅವನಿಗೆ ಒಂದು ವಾರ ಊಟ ಸೇರಿರಲಿಲ್ಲ. ಭಾಮೈದ ಡ್ರೋನ್ ಕೊಂಡಾಗ ಅದು ಬಿದ್ದು ಒಡೆಯಲಿ ಎಂದು ಮನಸ್ಸಿನಲ್ಲೇ ಹಾರೈಸಿದ್ದ. ನಿಜವಾಗಿಯೂ ಒಡೆದಾಗ ಹೋಗಿ ಸಮಾಧಾನವನ್ನೂ ಹೇಳಿ ಬಂದಿದ್ದ. ಇವೆಲ್ಲ ಎಲ್ಲರಿಗೂ ಬರುವ ಹೊಟ್ಟೆಕಿಚ್ಚುಗಳೇ. ಆದರೆ ಐವತ್ಮೂರನೇ ವಯಸ್ಸಿನಲ್ಲಿ ಬಂದದ್ದು ಮಾತ್ರ ಹೊರಗೆ ಹೇಳಿಕೊಂಡರೆ ಜನ ನಗುವಂಥದ್ದು. ಮಾಗಡಿ ಕಡೆಯ ಒಬ್ಬ ಹುಡುಗಿಗೆ ತಿಂಗಳು ತಿಂಗಳೂ ಎಲ್ಲರೆದುರು ಬೈಗುಳ ಬೀಳುತ್ತಿತ್ತು, ತನಗೆ ಬೀಳುತ್ತಿರಲಿಲ್ಲ. ಅದಕ್ಕೆ ಅವನ ಹೊಟ್ಟೆ ಉರಿಯುತ್ತಿತ್ತು.

ಬೈಯುವವರು ರಾಮನಗರದ ಜಬ್ಬಾರ್ ಸಾಬರು. ರೇಷ್ಮೆ ಗೂಡಿನ ಮಾರ್ಕೆಟ್ಟಿನ ಹತ್ತಿರ ಮೂವತ್ತೆಂಟು ವರ್ಷ ಸ್ಟುಡಿಯೋ ನಡೆಸಿ, ಕಣ್ಣು ಸೋತ ಮೇಲೆ ಮುಚ್ಚಿದವರು. ರೀಲಿನ ಕಾಲದಲ್ಲಿ ಕೂದಲಿನಷ್ಟು ಸಣ್ಣ ಪೆನ್ಸಿಲ್ ಮೊನೆಯಿಂದ ನೆಗೆಟಿವ್ ತಿದ್ದಿ ಎಷ್ಟೋ ಮದುಮಕ್ಕಳ ಮುಖದ ಕಲೆ ತೆಗೆದ ಕೈ ಅದು. ನಟರಾಜು ಕೆಲಸ ಕಲಿತದ್ದೂ ಅವರ ಹತ್ತಿರವೇ. ದೊಡ್ಡಮಳೂರಿನಲ್ಲಿ ಅವನ ಅಪ್ಪ ಚಿಕ್ಕಹನುಮಯ್ಯ, “ಹೊಲ ಬುಟ್ಟು ಕತ್ಲೆ ಕೋಣೇಲಿ ಕೂತು ಏನ್ಲಾ ಮಾಡ್ತೀಯ?” ಎಂದು ಕೂಗಾಡಿದರೂ ಕೇಳದೆ, ಹತ್ತೊಂಬತ್ತನೇ ವಯಸ್ಸಿಗೆ ಹೋಗಿ ಸೇರಿಕೊಂಡಿದ್ದ.

ಈಗ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಆ ಮುಚ್ಚಿದ ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಫೋಟೋದವರು ಹತ್ತು ಹನ್ನೆರಡು ಜನ ಸೇರುತ್ತಾರೆ. ಪ್ರತಿಯೊಬ್ಬರೂ ಒಂದು ಪ್ರಿಂಟ್ ತರಬೇಕು. ಮೊಬೈಲಿನಲ್ಲಿ ತೋರಿಸಿದರೆ ಸಾಬರು ತಿರುಗಿಯೂ ನೋಡುವುದಿಲ್ಲ. ಮೊದಲು ಉಳಿದವರು ಅನ್ನಿಸಿದ್ದನ್ನು ಹೇಳುತ್ತಾರೆ. ಆಮೇಲೆ ಸಾಬರು ಪ್ರಿಂಟಿನ ಮೇಲೆ ಬಟರ್ ಪೇಪರ್ ಹಾಸುತ್ತಾರೆ. ಹಳೇ ಮದುವೆ ಆಲ್ಬಮ್ಮುಗಳಲ್ಲಿ ಪುಟಗಳ ನಡುವೆ ಇರುತ್ತಿತ್ತಲ್ಲ, ಅಡಿಯದ್ದು ಮಸುಕಾಗಿ ಕಾಣುವ ತೆಳು ಕಾಗದ, ಅದು. ಅದರ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಸುತ್ತು ಹಾಕಿ, ಪಕ್ಕದಲ್ಲಿ ತಪ್ಪು ಏನೆಂದು ಬರೆಯುತ್ತಾರೆ. ಪ್ರಿಂಟಿಗೆ ಒಂದು ಚೂರೂ ಕಲೆಯಾಗುವುದಿಲ್ಲ. ಮುಗಿದ ಮೇಲೆ ಆ ಹಾಳೆಯನ್ನು ಸುರುಳಿ ಸುತ್ತಿ ಫೋಟೋ ತಂದವರ ಕೈಗೆ ಕೊಡುತ್ತಾರೆ.

ನಟರಾಜುವಿನ ಸರದಿ ಬಂದಾಗ ಮಾತ್ರ ಬಟರ್ ಪೇಪರ್ ಹೊರಗೆ ಬರುವುದಿಲ್ಲ. ಸಾಬರು ಕನ್ನಡಕ ಏರಿಸಿ ಎರಡು ಕ್ಷಣ ನೋಡುತ್ತಾರೆ. “ಚೆನ್ನಾಗೈತೆ ಕಣಪ್ಪ,” ಎನ್ನುತ್ತಾರೆ. ಮುಂದಿನ ಫೋಟೋಗೆ ಕೈ ಚಾಚುತ್ತಾರೆ. ಹನ್ನೊಂದು ವರ್ಷದಿಂದ ಇಷ್ಟೇ.

ಮೊದಮೊದಲು ಅವನು ಇದನ್ನು ಮರ್ಯಾದೆ ಎಂದುಕೊಂಡ. ಗುರುವೇ ಗೆರೆ ಹಾಕುವುದನ್ನು ಬಿಟ್ಟರೆ ಶಿಷ್ಯ ಪಾಸಾದ ಎಂದೇ ಲೆಕ್ಕವಲ್ಲವೇ? ಮದುವೆ ಮನೆಗಳಲ್ಲಿ ಜೊತೆ ಕೆಲಸ ಮಾಡುವವರಿಗೆ, “ನನ್ ಫೋಟೋ ಮೇಲೆ ಸಾಬ್ರು ಪೆನ್ಸಿಲ್ ಇಡಕಿಲ್ಲ,” ಎಂದು ಮೀಸೆ ತಿರುವಿಕೊಂಡು ಹೇಳುತ್ತಿದ್ದ. ಹಾಗೆ ಹೇಳಿ ಹೇಳಿ ನಂಬಿಯೂ ಬಿಟ್ಟಿದ್ದ. ಸುಚಿತ್ರಾ ಬರದೇ ಇದ್ದಿದ್ದರೆ ನಂಬಿಕೊಂಡೇ ಇರುತ್ತಿದ್ದನೇನೋ.

ಸುಚಿತ್ರಾ ಕೆಂಪಾಪುರದವಳು. ಮಾಗಡಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ಇಪ್ಪತ್ತೆಂಟು ವಯಸ್ಸು, ಯಾರೋ ಬಳಸಿ ಬಿಟ್ಟ ಕ್ಯಾಮೆರಾ. ಮೊದಲ ದಿನ ಅವಳು ತಂದ ಫೋಟೋ ನೋಡಿ ನಟರಾಜು ಒಳಗೇ ನಕ್ಕಿದ್ದ. ಆದರೆ ಸಾಬರು ನಗಲಿಲ್ಲ. ಕುರ್ಚಿ ಎಳೆದುಕೊಂಡು, ಬಟರ್ ಪೇಪರ್ ಹಾಸಿ, ಅರ್ಧ ಗಂಟೆ ಅವಳನ್ನು ಜಾಡಿಸಿದರು. ಆ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ತಲೆಯಾಡಿಸುತ್ತಾ ಕೂತಿದ್ದಳು. ನೋಡುತ್ತಾ ನಟರಾಜುವಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಇಷ್ಟು ಹೊತ್ತು ಸಾಬರು ನನ್ನ ಫೋಟೋ ಮುಂದೆ ಕೂತು ಎಷ್ಟು ಕಾಲವಾಯಿತು ಎಂದು ನೆನೆಸಿಕೊಂಡ. ಅಲ್ಲಿಂದ ಶುರುವಾಯಿತು.

ಆಮೇಲೆ ತಿಂಗಳು ತಿಂಗಳೂ ಅದೇ. ಅವಳಿಗೆ ಅರ್ಧ ಗಂಟೆ, ಇವನಿಗೆ ಎರಡು ಕ್ಷಣ. ಮನೆಗೆ ಬಂದು ಮುಖ ಊದಿಸಿಕೊಂಡು ಕೂರುತ್ತಿದ್ದ. “ಚೆನ್ನಾಗೈತೆ ಅಂದ್ರೂ ಹಿಂಗ್ ಕೂತ್ಕೋತೀರಲ್ಲ, ಕೆಟ್ಟದಾಗೈತೆ ಅಂದಿದ್ರೆ ಏನ್ ಮಾಡ್ತಿದ್ರಿ?” ಎಂದು ಹೆಂಡತಿ ಮಾಯಮ್ಮ ಕೇಳಿದಳು.

ಕಳೆದ ಬೇಸಿಗೆಯ ಒಂದು ಭಾನುವಾರ ಸುಚಿತ್ರಾ ತನ್ನ ಅಜ್ಜಿ ದೊಡ್ಡಲಕ್ಷ್ಮಮ್ಮನ ಫೋಟೋ ತಂದಳು. ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಅಜ್ಜಿ ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದಿದ್ದಾಳೆ. ಹಳದಿ ಗೂಡುಗಳ ಒಳಗೆ ಬೆಳಕು ತುಂಬಿದೆ. ಬಲಗಡೆ ಅಂಚಿನಲ್ಲಿ ಯಾರದೋ ಮೊಪೆಡ್ಡಿನ ಅರ್ಧ ಚಕ್ರ ನುಗ್ಗಿದೆ. ನಟರಾಜುವಿಗೆ ಮೊದಲ ನೋಟಕ್ಕೇ ಆ ಚಕ್ರ ಕಂಡಿತು. ಅದನ್ನು ಬಿಟ್ಟರೆ ಇಂಥ ಫೋಟೋ ತಾನು ಜನ್ಮದಲ್ಲಿ ತೆಗೆದಿಲ್ಲ ಎನ್ನುವುದೂ ಕಂಡಿತು. ಎದೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು.

“ನೀವೇನಂತೀರಿ ನಟರಾಜಣ್ಣ?” ಎಂದು ಅವಳು ಕೇಳಿದಳು.

ಅವನು ಬೇಕೆಂದೇ ಸಾಬರ ದನಿಯಲ್ಲೇ ಹೇಳಿದ: “ಚೆನ್ನಾಗೈತೆ ಕಣಮ್ಮ. ಒಂದ್ಚೂರೂ ಮುಟ್ಟಂಗಿಲ್ಲ.”

ಆ ಮಾತು ಏನು ಮಾಡುತ್ತದೆ ಎಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಕೋಣೆಯಲ್ಲಿ ಇನ್ನೊಬ್ಬರಿರಲಿಲ್ಲ. ಸಾಬರು ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿದರು. “ಎಲ್ಲಿ ಚೆನ್ನಾಗೈತಪ್ಪ?” ಎಂದು ಬಟರ್ ಪೇಪರ್ ಹಾಸಿದರು. ನಾಲ್ಕು ಗುರುತು ಬಿದ್ದವು. ಕನಕಪುರದ ಪ್ರಕಾಶ್, “ಸಾಬ್ರು ಇವತ್ತು ಬಲೇ ಜೋರಾಗವ್ರೆ,” ಎಂದು ನಕ್ಕ. ಸುಚಿತ್ರಾ ಸುರುಳಿಯನ್ನು ಬೆಂಚಿನ ಮೇಲಿಟ್ಟು ಎಲ್ಲರಿಗೂ ಚಹಾ ತರಲು ಒಳಗೆ ಹೋದಳು.

ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಆ ಸುರುಳಿ ನಟರಾಜುವಿನ ಕ್ಯಾಮೆರಾ ಬ್ಯಾಗಿನೊಳಗಿತ್ತು. ಮದುವೆ ಮನೆಯಲ್ಲಿ ಮೈತುಂಬ ಚಿನ್ನ ಹೇರಿಕೊಂಡವರ ನಡುವೆ ಮೂವತ್ತು ವರ್ಷ ಓಡಾಡಿ ಒಂದು ಉಗುರಿನಷ್ಟನ್ನೂ ಮುಟ್ಟದ ಮನುಷ್ಯ, ಗೀಚಿದ ಕಾಗದ ಕದ್ದ.

ಮಾರನೇ ದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಗೋಡೆಯ ಮೇಲಿದ್ದ ದೊಡ್ಡ ಫೋಟೋ ಇಳಿಸಿ, ಚೌಕಟ್ಟು ಬಿಚ್ಚಿ ಗಾಜಿನ ಕೌಂಟರ್ ಮೇಲೆ ಮಲಗಿಸಿದ. ಅದು ಅವನಿಗೆ ಬಹುಮಾನ ತಂದುಕೊಟ್ಟ ಫೋಟೋ. ಗೊಂಬೆ ಕೆಲಸದ ಸಾಬೀರ್ ಮರ ಕಡೆಯುವ ತನ್ನ ಪಟ್ಟಡಿಯ ಮುಂದೆ ಕೂತು ನಗುತ್ತಿದ್ದಾನೆ, ಸುತ್ತ ಕೆಂಪು, ಹಳದಿ, ಹಸಿರು ಗೊಂಬೆಗಳ ಸಾಲು. ಅದರ ಮೇಲೆ ಸುಚಿತ್ರಾಳ ಬಟರ್ ಪೇಪರ್ ಹಾಸಿದ. ಸಾಬರು ನನಗೆ ಹೇಳಿದ್ದರೆ ಏನು ಹೇಳುತ್ತಿದ್ದರು ಎನ್ನುವುದೊಂದೇ ಅವನಿಗೆ ಬೇಕಾಗಿದ್ದದ್ದು.

ಕೆಂಪು ಗುರುತುಗಳು ಕೂರಲಿಲ್ಲ. “ಅಜ್ಜಿ ಕ್ಯಾಮೆರಾ ನೋಡ್ತಾವ್ಳೆ” ಎಂಬ ಅಕ್ಷರ ಸಾಬೀರ್‌ನ ಗಡ್ಡದ ಮೇಲೆ ಬಂದು ಬಿತ್ತು. “ಇನ್ನೊಂದು ಹೆಜ್ಜೆ ಹತ್ರ ಹೋಗು, ಹೆದರ್ಕೋಬ್ಯಾಡ” ಎಂಬುದು ಖಾಲಿ ಗೋಡೆಯ ಮೇಲೆ ಹೋಯಿತು. ಆದರೆ ಮೊಪೆಡ್ಡಿನ ಚಕ್ರಕ್ಕೆ ಹಾಕಿದ್ದ ದಪ್ಪ ಸುತ್ತು ಸರಿಯಾಗಿ ಗೊಂಬೆಗಳ ಸಾಲನ್ನು ಹಿಡಿಯಿತು. ಪಕ್ಕದಲ್ಲಿ ಸಾಬರ ಕೈಬರಹ: “ಇದ್ಯಾಕೆ ಇಲ್ಲೈತೆ?”

ನಟರಾಜು ಸ್ಟೂಲಿನ ಮೇಲೆ ಕೂತುಬಿಟ್ಟ. ಹನ್ನೊಂದು ವರ್ಷದ ಹಿಂದೆ ಇದೇ ಫೋಟೋದ ಇದೇ ಜಾಗಕ್ಕೆ ಸಾಬರು ಪೆನ್ಸಿಲ್ ಇಟ್ಟು, “ಈ ಗೊಂಬೆ ಸಾಬೀರ್ ಜೋಡ್ಸಿದ್ದಲ್ಲ, ನೀನ್ ಜೋಡ್ಸಿದ್ದು. ಅವನ ಮುಖದ ಮೇಲೆ ನಿಂಗೆ ನಂಬ್ಕೆ ಇರ್ಲಿಲ್ವಾ?” ಎಂದಿದ್ದರು. ಬಹುಮಾನ ಬಂದ ಹೊಸತು. ನಟರಾಜು ಎದ್ದು ಬಂದು, ಗುರುವಿನ ಪೆನ್ಸಿಲ್ ಇನ್ನೂ ಕಾಗದದ ಮೇಲಿರುವಾಗಲೇ ಆ ಬಟರ್ ಪೇಪರನ್ನು ಎಳೆದು ಹರಿದು ಹಾಕಿದ್ದ. “ನಿಮ್ ಕಾಲ ಮುಗೀತು ಸಾಬ್ರೇ,” ಎಂದೂ ಅಂದಿದ್ದ. ಮುಂದಿನ ತಿಂಗಳು ಏನೂ ಆಗದವನಂತೆ ಹೋದಾಗ ಸಾಬರೂ ಏನೂ ಆಗದವರಂತೆ, “ಚೆನ್ನಾಗೈತೆ ಕಣಪ್ಪ,” ಎಂದಿದ್ದರು. ಅದನ್ನೇ ಇವನು ಪಾಸಾದೆ ಎಂದುಕೊಂಡಿದ್ದು. ಈಗ ಯೋಚಿಸಿದರೆ ನಾಚಿಕೆಗೆ ಕಿವಿ ಬಿಸಿಯಾಗುತ್ತಿತ್ತು.

ಬುಧವಾರ ಸುಚಿತ್ರಾ ಹೇಳದೆ ಕೇಳದೆ ಅಂಗಡಿಗೇ ಬಂದಳು. “ಅಣ್ಣ, ನನ್ ಬಟರ್ ಪೇಪರ್ ಏನಾದ್ರೂ ನಿಮ್ ಬ್ಯಾಗಲ್ಲಿ ಬಂತಾ? ಬೆಂಚಿನ್ ಮೇಲಿದ್ದಿದ್ದೆಲ್ಲ ನೀವ್ ಎತ್ಕೊಂಡ್ರಿ ಅಂತ ಪ್ರಕಾಶಣ್ಣ ಅಂದ್ರು. ಅಜ್ಜಿ ನಾಳಿದ್ದು ಇನ್ನೊಂದ್ ಬೆಳೆ ಹುಳ ಚಂದ್ರಿಕೆಗೆ ಬಿಡ್ತಾಳೆ, ಮತ್ತೆ ಫೋಟೋ ತೆಗೀಬೇಕು, ಅಷ್ಟ್ರೊಳಗೆ ಬೇಕಿತ್ತು.”

“ಇಲ್ವಲ್ಲಮ್ಮ,” ಎನ್ನಲು ಅವನು ಬಾಯಿ ತೆರೆದ. ಅವಳ ಕಣ್ಣು ಆಗಲೇ ಕೌಂಟರ್ ಮೇಲಿತ್ತು. ಎರಡು ದಿನದಿಂದ ಅದು ಅಲ್ಲೇ ಇತ್ತು; ತೆಗೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಅವಳು ಬಗ್ಗಿ ನೋಡಿದಳು. ಸಾಬೀರ್‌ನ ಗಡ್ಡದ ಮೇಲೆ ತನ್ನ ಅಜ್ಜಿಯ ಬಗ್ಗೆ ಬರೆದದ್ದನ್ನು ಓದಿದಳು. “ಅಣ್ಣ, ಇದು ನಮ್ಮಜ್ಜೀದು,” ಎಂದಳು ಮೆಲ್ಲಗೆ. “ನಿಮ್ದಕ್ಕೆ ಹೆಂಗ್ ಕೂರುತ್ತೆ?”

“ನಂದು ಅಂತ ಒಂದು ಇಲ್ವಲ್ಲಮ್ಮ!” ಎಂದು ಅವನು ಸಿಡಿದ. ಕದ್ದು ಸಿಕ್ಕಿಬಿದ್ದವನಿಗೆ ಇರಬೇಕಾದ ತಗ್ಗಿದ ದನಿ ಅವನಲ್ಲಿರಲಿಲ್ಲ. “ನಿಂಗೆ ಅರ್ಧ್ ಅರ್ಧ್ ಗಂಟೆ ಬೈತಾರೆ. ನಂಗೆ ಒಂದ್ ಗೆರೆ ಇಲ್ಲ. ನಿನ್ ಮೇಲೆ ನಂಗೆ ಎಷ್ಟು ಹೊಟ್ಟೆ ಉರೀತದೆ ಗೊತ್ತಾ?”

ಸುಚಿತ್ರಾ ಅವನನ್ನೇ ನೋಡಿದಳು. ಆಮೇಲೆ ನಕ್ಕುಬಿಟ್ಟಳು. “ಅಯ್ಯೋ ಅಣ್ಣ! ನಾನು ಪ್ರತಿ ತಿಂಗ್ಳೂ ಮಾಗಡಿ ಬಸ್ಸಲ್ಲಿ ಅಳ್ತಾ ಹೋಗ್ತೀನಿ. ಒಂದ್ ಗೆರೇನೂ ಬೀಳ್ದಂಗೆ ಈ ಯಪ್ಪ ಮನೇಗೆ ಹೋಯ್ತಾನಲ್ಲ ಅಂತ ನಿಮ್ ಮೇಲೆ ಹೊಟ್ಟೆ ಉರ್ಕೊಂಡೇ ಅಳ್ತೀನಿ.”

ನಟರಾಜು ಕಾಗದ ಹರಿದದ್ದನ್ನೂ, ಅಂದ ಮಾತನ್ನೂ, ಯಾರಿಗೂ ಹೇಳದಿದ್ದುದನ್ನು ಅವಳ ಮುಂದೆ ಹೇಳಿದ. ಅವಳು ಕೇಳಿಸಿಕೊಂಡು ಸುರುಳಿ ಸುತ್ತುತ್ತಾ, “ನೀವ್ ಹರಿದಿದ್ದು, ನೀವೇ ತಂದು ಹಾಸ್ಬೇಕಲ್ವಾ?” ಎಂದಳು. ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತಳು. “ಮುಟ್ಟಂಗಿಲ್ಲ ಅಂದ್ರಲ್ಲ ಅವತ್ತು, ನಿಜ್ವಾ?”

“ಇಲ್ಲ. ಸುಳ್ಳು,” ಎಂದ ಅವನು. “ಚಕ್ರ ನಂಗೂ ಕಂಡಿತ್ತು. ನೀನು ಕೆಟ್ಟೋಗ್ಲಿ ಅಂತ್ಲೇ ಅಂದೆ.” ಕಷ್ಟಪಟ್ಟು ಸೇರಿಸಿದ: “ಬೆಳಕು ಮಾತ್ರ ಹಂಗೇ ಹಿಡಿ. ಅದು ಸರಿಯಾಗೈತೆ.”

ಮುಂದಿನ ಎರಡನೇ ಭಾನುವಾರ ನಟರಾಜು ಹೊಸ ಫೋಟೋ ಒಯ್ಯಲಿಲ್ಲ. ಸಾಬೀರ್‌ನ ಹಳೇ ಫೋಟೋವನ್ನೇ ಒಯ್ದ. ಸರದಿ ಬಂದಾಗ ಅದನ್ನು ಮೇಜಿನ ಮೇಲಿಟ್ಟ. ಜೇಬಿನಿಂದ ಮಡಿಸಿದ ಹೊಸ ಬಟರ್ ಪೇಪರ್ ತೆಗೆದು, ಮಡಿಕೆ ಸವರಿ, ತಾನೇ ಹಾಸಿದ. ಕಾಗದ ಎರಡು ಸಲ ಜಾರಿತು, ಎರಡು ಸಲವೂ ಎಳೆದು ಸರಿಮಾಡಿದ. ಸಾಬರು ಈಗಲೂ “ಚೆನ್ನಾಗೈತೆ” ಎಂದುಬಿಟ್ಟರೆ ತಾನು ಇನ್ನು ಈ ಬಾಗಿಲು ತುಳಿಯಲಾರೆ ಎಂದು ಅವನಿಗೆ ಗೊತ್ತಿತ್ತು.

“ಇದನ್ನ ನೋಡಿದೀನಲ್ಲಪ್ಪ,” ಎಂದರು ಸಾಬರು.

“ನೀವ್ ನೋಡಿದ್ರಿ ಸಾಬ್ರೇ. ನಾನ್ ನೋಡಿರ್ಲಿಲ್ಲ. ಅವತ್ತು ನಂದು ತಪ್ಪಾಯ್ತು.”

ಸಾಬರು ಮೇಜಿನ ಡ್ರಾಯರ್ ಎಳೆದು ಬ್ಲೇಡು ಹುಡುಕಿ, ಕೆಂಪು ಪೆನ್ಸಿಲನ್ನು ನಿಧಾನವಾಗಿ ಚೂಪು ಮಾಡಿದರು. ಕಾಲಿನಿಂದ ಪಕ್ಕದ ಕುರ್ಚಿಯನ್ನು ಅವನ ಕಡೆ ತಳ್ಳಿದರು.

“ಹನ್ನೊಂದು ವರ್ಷದ್ದು ಐತೆ,” ಎಂದರು. “ಕೂತ್ಕೋ.”

ಮುಕ್ಕಾಲು ಗಂಟೆ ಹಿಡಿಯಿತು. ಗೊಂಬೆಗಳ ಸಾಲಿಗೆ ಸುತ್ತು ಬಿತ್ತು, ಸಾಬೀರ್‌ನ ನಗುವಿಗೆ ಅಡ್ಡಗೆರೆ ಬಿತ್ತು, ಹಿಂದಿನ ಗೋಡೆಗೆ ಬಿತ್ತು, ಬೆಳಕಿಗೆ ಬಿತ್ತು. ಒಂದೊಂದಕ್ಕೂ ನಟರಾಜುವಿನ ಮುಖ ಕೆಂಪಾಯಿತು. ಎರಡು ಸಲ ಎದುರುತ್ತರ ಕೊಡಲು ಹೋಗಿ ನಾಲಗೆ ಕಚ್ಚಿಕೊಂಡ. ಕೊನೆಗೆ ಸಾಬರು ಹಾಳೆ ಸುತ್ತಿ ಕೈಗೆ ಕೊಟ್ಟಾಗ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಹೊರಗೆ ಸುಚಿತ್ರಾ ಮಾಗಡಿ ಬಸ್ಸಿಗೆ ಹೊರಟಿದ್ದಳು. ಅವಳ ಕೈಯಲ್ಲೂ ಒಂದು ಸುರುಳಿಯಿತ್ತು.

“ಇವತ್ತು ನಿಂಗೆ ಎಷ್ಟು ಬಿತ್ತಮ್ಮ?” ಎಂದು ಕೇಳಿದ.

“ಮೂರು ಅಣ್ಣ.”

“ನಂಗೆ ಒಂಬತ್ತು,” ಎಂದ ನಟರಾಜು.

ಅವಳ ಮುಖ ಒಂದಿಷ್ಟು ಸಣ್ಣದಾಯಿತು. ಅದನ್ನು ನೆನೆಸಿಕೊಂಡು ಅವನಿಗೆ ಚನ್ನಪಟ್ಟಣ ಮುಟ್ಟುವವರೆಗೂ ಖುಷಿಯಾಗಿತ್ತು.