ಸಿದ್ದನ ಅವ್ವನ ಎಡೆ

ನಾನು ನಿಂತಿದ್ದದ್ದು ಹಾಸನದ ನಮ್ಮ ಅನಾಥಾಲಯದ ಅಡುಗೆಮನೆಯ ಹಿಂಬಾಗಿಲಲ್ಲಿ, ಒರಳುಕಲ್ಲಿನ ಪಕ್ಕ. ಅರವತ್ತೊಂದನೆಯ ಇಸವಿ, ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ. ಇವತ್ತಿಗೂ ಯಾರ ಮನೆಯಿಂದಲಾದರೂ ವಡೆ ಕರಿಯುವ ಎಣ್ಣೆಯ ವಾಸನೆ ಬಂದರೆ ನಾನು ಆ ಬಾಗಿಲಲ್ಲೇ ನಿಂತುಬಿಡುತ್ತೇನೆ.

ಆ ಕಟ್ಟಡ ಈಗಿಲ್ಲ. ಉದ್ದನೆಯ ಹೆಂಚಿನ ಪಡಸಾಲೆ, ಸಗಣಿ ಸಾರಿಸಿದ ನೆಲ, ಗೋಡೆಗೆ ಒರಗಿಸಿಟ್ಟ ಚಾಪೆಯ ಸುರುಳಿಗಳು. ಅದನ್ನೇ ಮನೆ ಅನ್ನುತ್ತಿದ್ದೆವು, ಬೇರೆ ಮನೆ ಇರಲಿಲ್ಲ. ಕಟ್ಟಾಯದ ಕಡೆಯ ಸಿದ್ದ ಆ ಬೇಸಗೆಯಲ್ಲಿ ಬಂದ, ಅವ್ವ ಸತ್ತ ಮೇಲೆ. ಒಂಬತ್ತು ವರ್ಷವಿದ್ದೀತು. ಬಸ್ ಕಂಡಕ್ಟರನ ಹಾಗೆ ಕಿಟಕಿಗೆ ಜೋತುಬಿದ್ದು "ಒಳೆನರ್ಸೀಪುರ, ಒಳೆನರ್ಸೀಪುರ! ಅತ್ಕಳಿ, ಅತ್ಕಳಿ!" ಎಂದು ಕೂಗಿ ನಮ್ಮನ್ನು ನಗಿಸುತ್ತಿದ್ದ.

ಅಮಾವಾಸ್ಯೆಯ ಊಟ ಊರಿನ ಸಾಹುಕಾರರೊಬ್ಬರದು, ತೀರಿಕೊಂಡ ತಂದೆಯ ಹೆಸರಿನಲ್ಲಿ. ಉಣ್ಣುವ ಮೊದಲು ಆ ತಂದೆಯ ಹೆಸರನ್ನು ನಾವೆಲ್ಲ ಒಟ್ಟಿಗೆ ಕೂಗಬೇಕು. ನಮ್ಮ ಸತ್ತವರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಕೂಗಿಯಾಯಿತು. ಸಿದ್ದ ಮಾತ್ರ ಎಲೆಗೆ ಕೈಹಾಕಲಿಲ್ಲ. ಪಕ್ಕದಲ್ಲಿ ಕೂತಿದ್ದ ಜವರ "ಯಾಕ್ಲಾ ಸಿದ್ದ, ವಡೆ ಬ್ಯಾಡ್ವಾ? ಇತ್ಲಾಗ್ ಕೊಡ್ಲಾ" ಎಂದು ಕೈಚಾಚಿದ. ಸಿದ್ದ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನನ್ನನ್ನು ದಾಟಿ ಹಿತ್ತಲಿಗೆ ಹೋಗಿ, ಮೋಟುಗೋಡೆಯ ಮೇಲಿಟ್ಟು ಕಾಗೆ ಕರೆಯತೊಡಗಿದ. ಕಾಗೆ ಮುಟ್ಟಿದರೆ ಸತ್ತವರು ಉಂಡ ಹಾಗೆ. ಅಲ್ಲಿಯವರೆಗೆ ಮನೆಯವರು ಉಣ್ಣುವಂತಿಲ್ಲ. ಅವನ ಅವ್ವನ ಮನೆಯವರೆಂದು ಉಳಿದಿದ್ದವನು ಅವನೊಬ್ಬನೇ.

ಸಾಹುಕಾರರು ಎದ್ದುಬಂದರು. "ನಮ್ಮಪ್ಪನ ಎಸರಲ್ಲಿ ಮಾಡ್ಸಿದ್ನ ಇನ್ಯಾರ್ಗೋ ಎಡೆ ಇಕ್ತಾವನಲ್ರೀ ಈ ಉಡ್ಗ! ನಮ್ಮಪ್ಪ ಉಪಾಸ ಓಗ್ಬೇಕಾ?" ವಾರ್ಡನ್ ಹಿತ್ತಲಿಗೆ ಓಡಿದರು. ಕಾಗೆ ಇನ್ನೂ ಬೇಲಿಯ ಮೇಲೇ ಇತ್ತು. ಎಲೆಯನ್ನು ಕೆಳಗಿಳಿಸಿ, ಸಿದ್ದನ ಕತ್ತು ಹಿಡಿದು, "ತಿನ್ನೋ" ಎಂದರು. "ಅವ್ವಂದು ಸಾ. ಅವ್ವ ಇನ್ನೂ ಉಂಡಿಲ್ಲ ಕಣ್ ಸಾ." ವಾರ್ಡನ್ ತಾವೇ ಅನ್ನ ಕಲಸಿ ಅವನ ಬಾಯಿಗೆ ತುರುಕಿದರು. ನುಂಗುವವರೆಗೂ ಬಾಯಿ ಅದುಮಿ ಹಿಡಿದರು. ಎಲೆ ಖಾಲಿಯಾಗುವವರೆಗೂ. ಸಾಹುಕಾರರು ಅಷ್ಟನ್ನೂ ನೋಡಿ, ಸಮಾಧಾನವಾಗಿ ಒಳಗೆ ಹೋದರು.

ಅಂದಿನಿಂದ ಸಿದ್ದ ಮಾತಾಡಲಿಲ್ಲ. ಉಂಡದ್ದನ್ನೆಲ್ಲ ಕಾರಿಕೊಳ್ಳುತ್ತಿದ್ದ. ಮೊದಲು ಅದನ್ನು ಹಟ ಎಂದರು, ಹೊಡೆದರು. ಆಮೇಲೆ ಗಾಳಿ ಸೋಕಿದೆ ಎಂದರು, ಬರೆ ಹಾಕಿಸಿದರು. ಸಂಕ್ರಾಂತಿಗೆ ಮುಂಚೆ ಹುಚ್ಚು ಎಂದು ಹೆಸರಿಟ್ಟು ಹುಚ್ಚಾಸ್ಪತ್ರೆಗೆ ಕರೆದುಕೊಂಡು ಹೋದರು, ವಾಪಸ್ಸು ಕರೆತರಲಿಲ್ಲ. ತಾಯಿ ಸತ್ತ ಮಗುವಿನ ಸಂಕಟ ತಿಳಿಯಲು ಯಾವ ಡಾಕ್ಟರಿಕೆಯೂ ಬೇಕಿರಲಿಲ್ಲ. ಆ ಎಲೆಯನ್ನು ಸ್ವಲ್ಪ ಹೊತ್ತು ಗೋಡೆಯ ಮೇಲೆ ಬಿಟ್ಟಿದ್ದರೆ ಸಾಕಿತ್ತು. ಕಾಲ ಹಾಗಿತ್ತು ಎಂದು ನನಗೆ ಯಾರೂ ಹೇಳಬೇಡಿ. ಅವನ ಬಾಯಿ ಅದುಮಿದ್ದು ಒಬ್ಬ ಮನುಷ್ಯನ ಕೈ. ಐದು ಬೆರಳೂ ನನಗೆ ನೆನಪಿವೆ.

ಕಂಡವರಲ್ಲಿ ನನ್ನ ಜೊತೆ ಇನ್ನಿಬ್ಬರು ಬದುಕಿದ್ದಾರೆ. ಜವರ ಹಿರೀಸಾವೆಯಲ್ಲಿದ್ದಾನೆ. ಅಂದು ಬಡಿಸುತ್ತಿದ್ದ ಕಾಳಮ್ಮ, ಆಗಿನ್ನೂ ಹರೆಯದ ಹುಡುಗಿ, ಈಗ ಅರಕಲಗೂಡಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಕಾಣದು, ಮಾತು ಗಟ್ಟಿಯಾಗಿದೆ. ಕೇಳಿದರೆ ಇಬ್ಬರೂ ಹೇಳುತ್ತಾರೆ. ಇದುವರೆಗೆ ಕೇಳಿದವರಿಲ್ಲ.