ನೀಲಿ ಕೋಳಿ, ಹರಕೆ ಹುಂಜ

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಹಾಕಿದ ಕೇಕು ತಿಂದು ಬಂದರೂ ಬಾಯಿ ಮುಕ್ಕಳಿಸಿ ಒಳಗೆ ಬಾ ಅನ್ನುವ ಮನೆ. ಅಂಥ ಮನೆಯ ಹಿತ್ತಲಲ್ಲಿ ಇವತ್ತು ಮೂವತ್ತೊಂದು ಕೋಳಿ ಓಡಾಡುತ್ತಿವೆ ಅಂದರೆ ಅದರ ಪೂರ್ತಿ ಪಾಪ ನನ್ನದೇ. ನನ್ನ ಹೆಂಡತಿಯನ್ನು ಇದರಲ್ಲಿ ಎಳೆಯಬೇಡಿ, ಅವಳು ಮೊದಲ ದಿನವೇ ಕೈ ತೊಳೆದುಕೊಂಡಳು. ಕೋಳಿ ಮುಟ್ಟಿದ ಮೇಲೆ ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟಕೂಡದು ಎಂದು ಕಾನೂನು ಮಾಡಿದಳು. ದಿನಕ್ಕೆ ಮೂರು ಸಲ ಕೋಳಿ ನೋಡಲು ಹೋಗುವ ನಾನು ದಿನಕ್ಕೆ ಮೂರು ಸಲ ಸ್ನಾನ ಮಾಡಿ, ಭೀಮನಬೀಡಿನ ಆಸುಪಾಸಿನಲ್ಲೇ ಅತ್ಯಂತ ಶುಭ್ರವಾದ ರೈತನಾಗಿಬಿಟ್ಟೆ.

ಶುರುವಾಗಿದ್ದು ಶುಂಠಿಯಿಂದ. ಕೇರಳದವರು ಗುಂಡ್ಲುಪೇಟೆ ಕಡೆ ಬಂದು ಹೊಲ ಗುತ್ತಿಗೆ ಹಿಡಿದು ಶುಂಠಿ ಹಾಕುವುದು ನಮಗೆ ಹೊಸದಲ್ಲ. ಹಾಗೆ ನಮ್ಮ ಪಕ್ಕದ ಹೊಲ ಹಿಡಿದಿದ್ದ ಮಲಯಾಳಿಯೊಬ್ಬ ಶೆಡ್ಡಿನ ಮುಂದೆ ಬೋನು ಕಟ್ಟಿ ಅಂದದ ಕೋಳಿ ಸಾಕಿದ್ದ. ಒಂದು ಸಲ ಅವನ ಮೋಟರು ಸುಟ್ಟುಹೋದಾಗ ನನ್ನ ಬೋರಿನಿಂದ ನೀರು ಬಿಟ್ಟೆ. ಅದಕ್ಕೆ ಅವನು ಒಂದು ಜೋಡಿ ಕೋಳಿಯನ್ನು ಬುಟ್ಟಿಯಲ್ಲಿಟ್ಟು ತಂದ.

"ನಾವು ತಿನ್ನಲ್ಲಪ್ಪಾ" ಅಂದೆ.

"ತಿನ್ನಾನಲ್ಲ ಚೇಟ್ಟಾ, ಕಾಣಾನಾ" ಅಂದ. ತಿನ್ನುವುದಕ್ಕಲ್ಲ ಅಣ್ಣಾ, ನೋಡುವುದಕ್ಕಂತೆ.

ನೋಡಿದೆ. ಅಲ್ಲಿಗೆ ಕೆಟ್ಟೆ. ಕೊಚಿನ್ ಬಾಂಟಮ್ ಅನ್ನುವ ಗಿಡ್ಡ ಜಾತಿ. ಮುಂದಿನಿಂದ ನೋಡಿದರೂ ಹಿಂದಿನಿಂದ ನೋಡಿದರೂ ರಾಗಿಮುದ್ದೆಯ ಹಾಗೆ ಗುಂಡಗಿರಬೇಕು. ಬಾಲ ನಿಗುರಿ ನಿಂತರೆ ಅದು ಜಾತಿಕೆಟ್ಟ ಕೋಳಿ. ಕಾಲಿನ ತುದಿಯವರೆಗೂ ಪುಕ್ಕ, ಥೇಟು ಪೈಜಾಮ ಹಾಕಿದಂತೆ. ಇನ್ನು ಬಣ್ಣವೋ, ನೀಲಿ. ನೀಲಿ ಅಂದರೆ ಆಕಾಶದ ನೀಲಿಯಲ್ಲ. ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸಿದಾಗ ಬರುವ ಬಣ್ಣ, ಒಂದೊಂದು ಗರಿಯ ಅಂಚಿಗೂ ಪೆನ್ನಿನಲ್ಲಿ ಎಳೆದಂತೆ ಕಪ್ಪು ಗೆರೆ. ಐವತ್ತು ವರ್ಷ ಅರಿಸಿನ, ಈರುಳ್ಳಿ, ಸೂರ್ಯಕಾಂತಿ ನೋಡಿ ಸವೆದ ನನ್ನ ಕಣ್ಣಿಗೆ ಹುಚ್ಚು ಹಿಡಿಯಿತು. ಹಿತ್ತಲು ತುಂಬ ಇದೇ ಬಣ್ಣದ ಕೋಳಿ ಮಾಡಬೇಕು, ಒಂದು ಗರಿಯೂ ಬೇರೆ ಬಣ್ಣದ್ದಿರಬಾರದು, ಅಂತ ತೀರ್ಮಾನ ಮಾಡಿಬಿಟ್ಟೆ.

ಕೋಳಿ ಸಾಕುವವರ ಮನೆಯಲ್ಲಿ ಅರ್ಧ ಮೊಟ್ಟೆ ಬಾಣಲೆಗೆ, ಅರ್ಧ ಕಾವಿಗೆ. ನಮ್ಮ ಮನೆಯಲ್ಲಿ ಬಾಣಲೆಯ ದಾರಿಯೇ ಮುಚ್ಚಿದೆಯಲ್ಲ, ಇಟ್ಟ ಮೊಟ್ಟೆಯೆಲ್ಲ ಕಾವಿಗೇ ಹೋಯಿತು. ಇಪ್ಪತ್ತೊಂದನೆಯ ದಿನ ಹನ್ನೆರಡು ಮರಿ ಎದ್ದವು. ಆರು ನೀಲಿ. ಮೂರು ಇದ್ದಿಲು ಕಪ್ಪು. ಇನ್ನು ಮೂರು, ಬೆಳೆದ ಮೇಲೆ ನೋಡಿದರೆ, ಬಿಳಿಯ ಮೇಲೆ ಯಾರೋ ಮಸಿ ಕೊಡವಿದ ಹಾಗೆ ಅಸಹ್ಯವಾದ ಚುಕ್ಕೆಗಳು. ನನಗೆ ಮೈಯೆಲ್ಲ ಉರಿಯಿತು. ಅಪ್ಪ ನೀಲಿ, ಅವ್ವ ನೀಲಿ, ಈ ಕರಿಯರು ಬಿಳಿಯರು ಎಲ್ಲಿಂದ ಬಂದರು?

ಬೇಡದ್ದನ್ನು ತೆಗೆದುಹಾಕಿದರೆ ತಾನೇ ಬೇಕಾದದ್ದು ಉಳಿಯುವುದು? ಮಲಯಾಳಿ ಅದನ್ನು ಸಾರಿಗೆ ಹಾಕುತ್ತಾನೆ, ಮುಗಿಯಿತು. ನಾನೇನು ಮಾಡಲಿ? ನೆಂಟರಿಗೆ ಕೊಡೋಣವೆಂದರೆ ನನ್ನ ನೆಂಟರೆಲ್ಲ ವಿಭೂತಿ ಬಳಿದವರೇ. ಕೊನೆಗೆ ಬೇಲಿಯಾಚೆ ಕೊಟ್ಟೆ. ಬೇಲಿಯಾಚೆ ನನ್ನ ಗೆಳೆಯನ ಮನೆ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಒಂದೇ ಮೇಷ್ಟರ ಕೈಲಿ ಏಟು. ಅವರು ಮಾಂಸ ತಿನ್ನುವವರು. ಒಂದು ಕರಿ ಹುಂಜವನ್ನೂ ಎರಡು ಚುಕ್ಕೆ ಹೇಟೆಗಳನ್ನೂ ಕೊಡುವಾಗ, "ಕುಯ್ಯಂಗಿಲ್ಲ ಕಣ್ಲಾ, ಆಣೆ ಮಾಡು" ಅಂದೆ.

"ಕೋಳಿ ಕೊಟ್ಬುಟ್ಟು ತಿನ್ಬ್ಯಾಡ ಅಂತೀಯಲ್ಲಾ, ನೀನೆಂಥ ಮನ್ಸನ್ಲಾ" ಎಂದು ನಕ್ಕ. ಆದರೂ ನನ್ನ ಕೈಮೇಲೆ ಕೈ ಹಾಕಿದ. ಮಿಕ್ಕ ಮೂರನ್ನೂ ಮಲಯಾಳಿಯ ಶೆಡ್ಡಿಗೆ ದಾಟಿಸಿ, ಆಮೇಲೆ ಏನಾಯಿತು ಎಂದು ಕೇಳದೆ ಇದ್ದೆ.

ಎರಡನೆಯ ಸಲ ಕಾವಿಗೆ ಕೂರಿಸಿದಾಗಲೂ ಅದೇ ಹಣೆಬರಹ. ಆಗ ನನ್ನ ಕಣ್ಣು ಗೆಳೆಯನ ನಾಟಿ ಹುಂಜದ ಮೇಲೆ ಬಿತ್ತು. ಕೆಂಡದ ಬಣ್ಣದ ಹುಂಜ, ಮೊಳಕಾಲೆತ್ತರ, ಬೇಲಿಯ ಕಲ್ಲಿನ ಮೇಲೆ ಹತ್ತಿ ಇಡೀ ಬೀದಿ ತನ್ನ ಮಾವನ ಮನೆ ಎನ್ನುವಂತೆ ಕೂಗುತ್ತಿತ್ತು. ಇದೇ ಕಳ್ಳ ಎಂದು ತೀರ್ಪು ಕೊಟ್ಟುಬಿಟ್ಟೆ. ಇದು ಬೇಲಿ ಹಾರಿದ್ದನ್ನು ಕಂಡವರುಂಟೇ? ಇಲ್ಲ. ಮುಖ ನೋಡಿದರೆ ಸಾಲದೇ, ಅಂದುಕೊಂಡೆ.

ಗೆಳೆಯನಿಗೆ ಹೇಳಿದಾಗ ಅವನು ಒಂದು ಕರಿ ಮರಿಯನ್ನು ಹಿಡಿದು ಕಾಲು ತೋರಿಸಿದ. "ನಮ್ ಹುಂಜದ ಮಕ್ಳಾದ್ರೆ ಈ ಪೈಜಾಮ ಹಿಂಗೆ ತುಂಬ್ಕೊಂಡು ಎಲ್ಲಿಂದ ಬತ್ತದಲಾ? ನಮ್ದಕ್ಕೆ ಕಾಲು ಬೋಳು."

ಸರಿಯಾದ ಮಾತು. ಅದಕ್ಕೇ ನನಗೆ ಸಿಟ್ಟು ಬಂತು. ಒಂಬತ್ತು ತಿಂಗಳು ಕಾದು ಕೂತವನಿಗೆ ಸರಿಯಾದ ಮಾತು ಯಾರಿಗೆ ಬೇಕು? ಮಾರನೆಯ ದಿನ ಟೀ ಅಂಗಡಿಯ ಮುಂದೆ, ನಾಲ್ಕು ಜನರ ಎದುರಿಗೆ, "ನಿನ್ ಹುಂಜಕ್ಕೆ ಮಾನ ಮರ್ಯಾದೆ ಇಲ್ಲ, ಕಂಡೋರ ಹಿತ್ಲಿಗೆ ನುಗ್ತದೆ. ಸಾಕ್ದೋನ ಬುದ್ಧಿನೇ ಬಂದದೆ" ಅಂದುಬಿಟ್ಟೆ. ಟೀ ಕುಡಿಯುತ್ತಿದ್ದವರು ಗ್ಲಾಸು ಬಾಯಿಂದ ತೆಗೆಯಲಿಲ್ಲ, ಕಣ್ಣು ಮಾತ್ರ ಮೇಲೆ ಮಾಡಿದರು. ಗೆಳೆಯ ಅರ್ಧ ಟೀ ಬಿಟ್ಟು ಎದ್ದು ಹೋದ.

ಆ ಭಾನುವಾರ ಬೆಳಗ್ಗೆ ಅವನು ಬೇಲಿಯ ಹತ್ತಿರ ಬಂದು ನಿಂತ. ಕೈ ಇನ್ನೂ ಒದ್ದೆಯಾಗಿತ್ತು.

"ಕುಯ್ದುಬುಟ್ಟೆ. ಇನ್ನು ನೆಮ್ದಿಯಾಗಿ ಮರಿ ಮಾಡ್ಸ್ಕೊ."

ಮಧ್ಯಾಹ್ನ ಸಾರಿನ ವಾಸನೆ ನಮ್ಮ ಮನೆಯವರೆಗೂ ಬಂತು. ಹೆಂಡತಿ ಕಿಟಕಿ ಮುಚ್ಚಿದಳು. "ಜೀವಮಾನದಲ್ಲಿ ಒಂದು ಮೊಟ್ಟೆ ಒಡೆದವರಲ್ಲ ನೀವು. ಒಂದು ಹುಂಜ ಕುಯ್ಯಿಸಿದ್ರಿ" ಎಂದಳು. ನಾನು ಊಟಕ್ಕೆ ಕೂತೆ, ಅರ್ಧಕ್ಕೇ ಎದ್ದೆ. ಹಾಗೆಂದು ಪಶ್ಚಾತ್ತಾಪವೇನೂ ಆಗಿರಲಿಲ್ಲ ಅನ್ನಿ. ಶತ್ರು ಹೋದ, ಇನ್ನು ಶುದ್ಧ ನೀಲಿ ಮರಿಗಳು ಬರುತ್ತವೆ ಎಂಬ ಖುಷಿಯೂ ಒಳಗೊಳಗೇ ಇತ್ತು. ಹೇಟೆಗಳಿಗೆ ಅಂಟಿರಬಹುದಾದ ಹಳೇ ಸಂಬಂಧವೆಲ್ಲ ತೊಳೆದುಹೋಗಲಿ ಎಂದು ಒಂದು ತಿಂಗಳು ಸುಮ್ಮನಿದ್ದು, ಆಮೇಲೆ ಮೊಟ್ಟೆ ಕೂರಿಸಿದೆ.

ಹತ್ತು ಮರಿ ಎದ್ದವು. ಐದು ನೀಲಿ, ಮೂರು ಕಪ್ಪು, ಎರಡು ಬಿಳಿ.

ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತೇ ಇದ್ದೆ. ಆಮೇಲೆ ಮಲಯಾಳಿಗೆ ಫೋನು ಮಾಡಿದೆ. ಅವನು ಆ ವರ್ಷ ಶುಂಠಿ ಕಿತ್ತು ಊರಿಗೆ ಹೋಗಿದ್ದ. ನಾನು ಕಥೆಯನ್ನೆಲ್ಲ ಹೇಳಿ ಮುಗಿಸುವ ಮೊದಲೇ ಗಹಗಹಿಸಿ ನಗತೊಡಗಿದ.

"ಚೇಟ್ಟಾ, ಬ್ಲೂ ಅಂದ್ರೆ ಹಂಗೇ ಅಲ್ವಾ! ಬ್ಲೂಗೆ ಬ್ಲೂ ಸೇರಿಸಿದ್ರೆ ಅರ್ಧ ಬ್ಲೂ. ಬಾಕಿದು ಕರಿ, ಪುಳ್ಳಿ ಬಿಳಿ, ಚುಕ್ಕೆದು. ಎಲ್ಲಾ ಬ್ಲೂ ಬೇಕಾ? ಆ ಕರಿ ಹುಂಜಕ್ಕೆ ಆ ಪುಳ್ಳಿ ಹೇಟೆ ಹಾಕು. ಒಂದೂ ತಪ್ಪಲ್ಲ."

"ಇದನ್ನ ಮೊದ್ಲೇ ಯಾಕಪ್ಪಾ ಹೇಳಲಿಲ್ಲ?"

"ನೀ ಕೇಳಿಲ್ಲಲ್ಲ ಚೇಟ್ಟಾ."

ಕೇಳಿರಲಿಲ್ಲ. ನಿಜ. ಹೆಚ್ಚುಕಡಿಮೆ ಒಂದು ವರ್ಷ ನಾನು ಯಾವುದನ್ನು ಅಸಹ್ಯ ಎಂದು ಬೇಲಿಯಾಚೆ ತಳ್ಳಿದ್ದೆನೋ ಅದರ ಹೊಟ್ಟೆಯಲ್ಲೇ ನನ್ನ ನೀಲಿ ಇತ್ತು. ಇನ್ನು ಆ ಕೆಂಪು ಹುಂಜ, ಅದರ ತಪ್ಪು ಅಂದರೆ ಜೋರಾಗಿ ಕೂಗುತ್ತಿದ್ದದ್ದು, ಅಷ್ಟೇ.

ಆ ಸಂಜೆಯೇ ಕ್ಷಮೆ ಕೇಳಲು ಹೋದೆ ಎಂದು ಬರೆದರೆ ನನಗೆ ಮರ್ಯಾದೆ. ನಿಜ ಹೇಳುತ್ತೇನೆ: ಅರ್ಧ ಕ್ಷಮೆಗೆ, ಅರ್ಧ ಆ ಮೂರು ಕೋಳಿಗಳನ್ನು ವಾಪಸು ಕೇಳುವುದಕ್ಕೆ. ಅಷ್ಟು ದಿನ ಕೋಪದಲ್ಲಿದ್ದವನು ಅವನ್ನೂ ಕುಯ್ದು ತಿಂದಿದ್ದರೆ ಏನು ಮಾಡುವುದು ಎಂಬ ಭಯವೂ ಇತ್ತು.

ಗೆಳೆಯನ ಅಂಗಳದಲ್ಲಿ ನನ್ನ ಕರಿ ಹುಂಜ ಎದೆಯುಬ್ಬಿಸಿ ತಿರುಗುತ್ತಿತ್ತು. ನಾಟಿ ಹುಂಜ ಸತ್ತ ಮೇಲೆ ಅಂಗಳದ ಯಜಮಾನಿಕೆ ಅದರದ್ದೇ. ಹಿಂದೆ ನನ್ನ ಚುಕ್ಕೆ ಹೇಟೆಗಳು ಎರಡೂ ಮರಿ ಕಟ್ಟಿಕೊಂಡು ಕೆದಕುತ್ತಿದ್ದವು. ಆ ಮರಿಗಳು ಹನ್ನೊಂದಕ್ಕೆ ಹನ್ನೊಂದೂ ನೀಲಿ! ಇನ್ನೊಂದು ಸಲ ಎಣಿಸಿದೆ.

"ಯಾಕಣ್ಣಾ ಬಂದ್ರಿ?" ಎಂದಳು ಗೆಳೆಯನ ಹೆಂಡತಿ. ಕೂತ್ಕೊಳ್ಳಿ ಅನ್ನಲಿಲ್ಲ. ಯಾವತ್ತೂ ಮೊದಲು ಮಣೆ ಹಾಕಿ ಆಮೇಲೆ ಮಾತಾಡುವವಳು.

"ಹುಂಜದ ತಪ್ಪಿರಲಿಲ್ಲ ಕಣವ್ವಾ. ತಪ್ಪು ನಂದು."

"ಅದು ನಮ್ಗೆ ಗೊತ್ತಿತ್ತು ಕಣಣ್ಣಾ" ಅಂದಳು. ಆಮೇಲೆ ಅಳು ಬಂತು ಅವಳಿಗೆ. "ಅದು ಮಾರವ್ವಂಗೆ ಬುಟ್ಟಿದ್ದ ಹುಂಜ. ಹರದನಹಳ್ಳಿಗೆ ಕೊಟ್ಟಿರೋ ಮಗಳಿಗೆ ಎರಡು ಸಲ ಬಸುರು ನಿಲ್ಲಲಿಲ್ವಲ್ಲಾ ಅಣ್ಣಾ. ಈ ಸಲ ಸುಸೂತ್ರ ಹೆರಿಗೆ ಆದ್ರೆ ಕೊಡ್ತೀವಿ ಅಂತ ಹರಸ್ಕೊಂಡಿದ್ದೊ. ಈ ಮನ್ಸ ನಿಮ್ ಮಾತ್ಗೆ ರೋಸಿ ಕುಯ್ದಾಕ್ಬುಟ್ಟ. ಈಗ ಅವ್ಳಿಗೆ ತಿಂಗಳು ತುಂಬ್ತಾ ಅದೆ. ನಂಗೆ ನಿದ್ದೆ ಬರ್ತಿಲ್ಲ."

ಮಾರವ್ವನನ್ನು ನಾನು ನಂಬುತ್ತೇನೋ ಇಲ್ಲವೋ ಬೇರೆ ವಿಷಯ. ಆ ಹೆಂಗಸಿನ ಭಯವನ್ನು ನಂಬದಿರಲು ಆಗಲಿಲ್ಲ. ಕೋಳಿ ವಾಪಸು ಕೇಳುವ ಯೋಚನೆಯನ್ನೇ ಬಿಟ್ಟೆ. ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಗೆಳೆಯನನ್ನು, "ನನ್ ಕೋಳೀನೂ ಯಾಕ್ಲಾ ಕುಯ್ಲಿಲ್ಲ?" ಎಂದು ಕೇಳಿದೆ.

ಅವನು ತಲೆ ಎತ್ತದೆ, "ಕುಯ್ಯಲ್ಲ ಅಂದಿದ್ನಲ್ಲ" ಅಂದ.

ಮನೆಗೆ ಓಡಿದೆ. ನನ್ನಲ್ಲಿದ್ದ ಅತ್ಯುತ್ತಮ ನೀಲಿ ಹುಂಜವನ್ನು, ಒಂದೇ ಒಂದು ತಪ್ಪು ಗರಿ ಇಲ್ಲದ್ದನ್ನು, ಎತ್ತಿಕೊಂಡು ಬಂದು ಅವನ ಮುಂದೆ ಹಿಡಿದೆ. "ಇದನ್ನ ಕೊಡ್ಲಾ ಮಾರವ್ವಂಗೆ." ಆ ಕ್ಷಣಕ್ಕೆ ನನ್ನಂಥ ತ್ಯಾಗಿ ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಇಲ್ಲ ಎಂದು ನನಗೆ ಕಣ್ಣು ತುಂಬಿತ್ತು.

ಗೆಳೆಯ ಹುಂಜವನ್ನು ಇಸಕೊಂಡ. ಪುಕ್ಕದೊಳಗೆ ಬೆರಳು ತೂರಿಸಿದ. ಬೆರಳು ಹೋಗುತ್ತಲೇ ಹೋಯಿತು. "ಇದ್ರೊಳಗೆ ಕೋಳಿ ಎಲ್ಲಿ ಅದೆಲಾ?" ಅಂದ. "ಮಾರವ್ವ ನಂಗೆ ತಲೆದಿಂಬು ಕೊಟ್ರಾ ಅಂತ ಕೇಳ್ತಳೆ. ತಕ್ಕೊಂಡೋಗು."

ಅವನ ಹೆಂಡತಿಗೆ ತಮಾಷೆ ಬೇಕಿರಲಿಲ್ಲ. ಕಣ್ಣೊರೆಸಿಕೊಂಡು ಸ್ಪಷ್ಟವಾಗಿ ಹೇಳಿದಳು: "ಸಂತೇಲಿ ತಂದು ಅವತ್ತೇ ಕುಯ್ಯಂಗೂ ಇಲ್ಲ ಅಣ್ಣಾ. ಹರಕೆ ಹುಂಜ ಮರಿಯಿಂದ ಬೆಳ್ದಿರ್ಬೇಕು. ನಿಮ್ಮಿಂದ ಹೋಯ್ತು, ನಿಮ್ ಹಿತ್ಲಲ್ಲೇ ಬೆಳೀಲಿ. ಮಾರವ್ವನ ಹಬ್ಬದ ದಿನ ನೀವೇ ತಂದ್ಕೊಡಿ."

ತೆರಕಣಾಂಬಿಯಿಂದ ಒಂದು ನಾಟಿ ಹುಂಜದ ಮರಿ ತಂದೆ. ಹೆಂಡತಿ ವಿಷಯ ಕೇಳಿ ಎರಡು ದಿನ ಮಾತು ಬಿಟ್ಟಳು. ಲಿಂಗ ಕಟ್ಟಿದ ಎದೆಯ ಮೇಲೆ ಮಲಗಿಸಿಕೊಂಡು ಚಾಕುವಿಗೆ ಹುಂಜ ಸಾಕುತ್ತೀರಲ್ಲ ಎಂದು ಮೂರನೆಯ ದಿನ ಬೈದಳು. ಬೈದವಳೇ ಅನ್ನದ ಅಗುಳು ತಂದು ಅದರ ಮುಂದೆ ಹಾಕಿದಳು. ಇಪ್ಪತ್ತು ದಿನಕ್ಕೆ ಗೆಳೆಯನ ಮಗಳಿಗೆ ಚಾಮರಾಜನಗರದಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಎರಡು ಜೀವವೂ ಗಟ್ಟಿ. ಗೆಳೆಯನ ಹೆಂಡತಿ ಬೇಲಿಯ ಮೇಲಿಂದ ಸಕ್ಕರೆ ಕೊಟ್ಟಳು. ನಾನು ಆ ಸಕ್ಕರೆ ತಿಂದು ಹಿತ್ತಲಿಗೆ ಹೋಗಿ ಸುಮ್ಮನೆ ಅತ್ತೆ.

ಹುಂಜ ಬೆಳೆಯಿತು. ಬಣ್ಣಕ್ಕೆ ಹುಚ್ಚನಾದ ನಾನು ಈ ಗೊತ್ತುಗುರಿಯಿಲ್ಲದ ಕೆಂಪು ಕರಿ ಹಳದಿಯ ಹುಂಜಕ್ಕೆ ಸೋತೆ. ಕರೆದರೆ ಬರುತ್ತದೆ, ಕೈಯಿಂದ ರಾಗಿ ಹೆಕ್ಕುತ್ತದೆ, ಬೆಳಗ್ಗೆ ನಾನು ಏಳುವವರೆಗೂ ಬಿಡುವುದಿಲ್ಲ. ನನ್ನ ನೀಲಿ ಕೋಳಿಗಳು ನನ್ನ ಕಡೆ ತಿರುಗಿಯೂ ನೋಡಿದವಲ್ಲ. ಹರಕೆ ಹುಂಜವನ್ನು ಕೂಡಿಹಾಕಬಾರದು ಎಂದು ಗೆಳೆಯನ ಹೆಂಡತಿ ಹೇಳಿದ್ದರಿಂದ ಅದನ್ನು ಬಿಟ್ಟೇ ಇದ್ದೆ.

ಹೋದ ವಾರ ನನ್ನ ನೀಲಿ ಹೇಟೆಯೊಂದು ಮರಿ ಎಬ್ಬಿಸಿತು. ಎಂಟು ಮರಿ. ಒಂದೂ ನೀಲಿಯಲ್ಲ, ಕಪ್ಪಲ್ಲ, ಬಿಳಿಯೂ ಅಲ್ಲ. ಬೆನ್ನ ಮೇಲೆ ಅಳಿಲಿನ ಗೆರೆ. ಕಾಲಿಗೆ ಪೈಜಾಮ ಹರಿದು ಎರಡೇ ಎರಡು ಎಳೆ ನೇತಾಡುತ್ತಿದೆ. ಯಾರ ಕೆಲಸ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಕೆಲಸ ಮಾಡಿದವನು ನನ್ನ ಭುಜದ ಪಕ್ಕ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ.

ಬೇಲಿಯಾಚೆಯಿಂದ ಗೆಳೆಯ ಇಣುಕಿದ. ಒಂದು ಮರಿಯನ್ನು ಎತ್ತಿ ತೋರಿಸು ಎಂದ, ತೋರಿಸಿದೆ. ಬೇಲಿ ಹಿಡಿದುಕೊಂಡು, ಟೀ ಅಂಗಡಿಯ ಆ ದಿನದಿಂದ ಮೊದಲ ಸಲ ಹೊಟ್ಟೆ ಹಿಡಿದು ನಕ್ಕ.

"ಈಗ ಯಾವನ್ ಹುಂಜ ಕುಯ್ಯದ್ಲಾ?"

"ನಂದೇ ಕಣ್ಲಾ" ಅಂದೆ.

ಅವನ ನಗು ನಿಂತಿತು. ಬರುವ ಮಂಗಳವಾರ ಮಾರವ್ವನ ಹಬ್ಬ.