ಅಕ್ಕನಿಗೆ ಒಯ್ದ ಮಾವಿನ ಗಿಡ

ಪ್ರತಿ ವರ್ಷ ಮೃಗಶಿರ ಮಳೆ ಹಿಡಿದ ವಾರ ಅಕ್ಕ ಸತ್ತಿಯಿಂದ ಅಥಣಿಗೆ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಚಹಾ ಕುಡಿದು, ಎರಡು ಕೈಚೀಲ ಹಿಡಿದು, ಇಬ್ಬರೂ ಕಾಗವಾಡ ರಸ್ತೆಯ ನರ್ಸರಿಗೆ ಹೋಗುತ್ತಿದ್ದೆವು. ನಾನು ಗಿಡ ಕೊಳ್ಳಲು ಹೋಗುತ್ತಿದ್ದೆ. ಅವಳು ಗಿಡ ನೋಡಲು. ಎಲೆ ಮಗುಚಿ ಬೆನ್ನಿಗೆ ಬಿಳಿ ಹುಳ ಇದೆಯೇ ಎಂದು ಬೆರಳಿನಿಂದ ಸವರುವಳು. ಗಿಡ ನೆಟ್ಟ ಪ್ಲಾಸ್ಟಿಕ್ ಪಿಶವಿ ಎತ್ತಿ ತಳ ನೋಡುವಳು. ತೂತಿನಿಂದ ಬೇರು ಸುತ್ತಿಕೊಂಡು ಹೊರಬಿದ್ದಿದ್ದರೆ ಅದು ಬಹಳ ದಿನದ ಮಾಲು, ಬೇಡ. ಬುಡ ಹಿಡಿದು ಮೆಲ್ಲಗೆ ಅಲುಗಿಸುವಳು. ಹೂ ಬಿಟ್ಟ ಗಿಡವನ್ನಂತೂ ಮುಟ್ಟುತ್ತಲೇ ಇರಲಿಲ್ಲ.

"ಅಕ್ಕಾರ, ಹೆಣ್ಣ ನೋಡಾಕ ಬಂದ ಬೀಗರಗತೆ ನೋಡ್ತೀರಲ್ರಿ," ಎಂದು ನರ್ಸರಿಯವರು ನಗುತ್ತಿದ್ದರು.

"ಹೆಣ್ಣಾದರ ಬಾಯಿ ಬಿಟ್ಟು ಹೇಳತೈತಿ ಅಣ್ಣಾ. ಗಿಡಾನೂ ಹೇಳೂದಿಲ್ಲ, ನೀವೂ ಹೇಳೂದಿಲ್ಲ."

ಒಮ್ಮೆ ನಾನು ಮೈತುಂಬ ಹೂವಿದ್ದ ಗುಲಾಬಿ ಎತ್ತಿಕೊಂಡೆ. "ಇಡ ಅದನ್ನ. ಇರೂ ಶಕ್ತಿ ಎಲ್ಲಾ ಪಿಶವಿಯಾಗ ಕಳಕೊಂಡೈತಿ. ನಿನ್ನ ಮನಿಗೆ ಬಂದು ಏನ ಮಾಡಬೇಕ ಬೇ ಅದು?" ಎಂದು ನನ್ನ ಕೈಯಿಂದ ಕಸಿದು ಸಾಲಿನಲ್ಲಿ ಇಟ್ಟಳು.

ಹೋದ ವರ್ಷ ಮಾಘದಲ್ಲಿ ಅವಳನ್ನು ಮಿರಜದ ದವಾಖಾನೆಯಿಂದ ತಂದು, ಅವರ ದ್ರಾಕ್ಷಿ ತೋಟದ ಬದಿಗೆ ಮಣ್ಣು ಮಾಡಿದೆವು.

ಅಕ್ಕನ ಗಂಡನ ಮನೆತನದಲ್ಲಿ ಒಂದು ಪದ್ಧತಿ ಇದೆ. ಹೆಂಗಸು ತೀರಿದರೆ ಐದನೆಯ ದಿನ ತವರಿನವರು ಒಂದು ಗಿಡ ತಂದು ಅವಳ ತಲೆದೆಸೆಗೆ ನೆಡಬೇಕು. ಯಾವ ಗಿಡವೆಂಬುದು ತವರಿನವರ ಇಷ್ಟ. ಆದರೆ ಒಂದೇ ಸಲ. ಒಣಗಿದರೆ ಒಣಗಿತು, ಎರಡನೆಯದನ್ನು ನೆಡುವ ಹಾಗಿಲ್ಲ. ನಮ್ಮ ಅಪ್ಪ ಅವ್ವ ಹೋಗಿ ಬಹಳ ವರ್ಷವಾಯಿತು, ಅಣ್ಣತಮ್ಮಂದಿರು ಇಲ್ಲ. ಅಕ್ಕನಿಗೆ ತವರು ಎಂದರೆ ನಾನೊಬ್ಬಳೇ.

ನಾಲ್ಕನೆಯ ದಿನ ನರ್ಸರಿಗೆ ಹೋದೆ. ಅಕ್ಕನಿಗೆ ಆಪೂಸ್ ಮಾವು ಎಂದರೆ ಜೀವ. ಜವಾರಿ, ಅಂದರೆ ನಾಟಿ ಮಾವಿನ ಸಸಿಗೆ ಆಪೂಸ್ ಟೊಂಗೆ ಕೂಡಿಸಿದ ಕಲಮ್ ಗಿಡಗಳು ಒಂದು ಸಾಲು ಇದ್ದವು. ಅದರಲ್ಲಿ ಒಂದು ಗಿಡ ಮೊಣಕಾಲೆತ್ತರ, ದಪ್ಪ ಬುಡ, ಕಪ್ಪು ಹಸಿರು ಎಲೆ, ಒಂದೂ ಹೂವಿಲ್ಲ. ಪಕ್ಕದ್ದು ಎದೆಮಟ್ಟ ಬೆಳೆದು ತುದಿಗೆಲ್ಲ ಹೂ ಹೊತ್ತಿತ್ತು. ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಮೊದಲು ಮುಟ್ಟಿದ್ದು ಗಿಡ್ಡದನ್ನೇ. ಆದರೆ ಮರುದಿನ ನಾಲ್ಕೂರಿನ ಬೀಗರು ನೆರೆಯುತ್ತಾರೆ, ತವರಿನವರು ಎಂಥ ಗಿಡ ತಂದರೆಂದು ನೋಡುತ್ತಾರೆ. ಅಕ್ಕನ ಮಾನ ನನ್ನ ಕೈಯಲ್ಲಿದೆ ಅನ್ನಿಸಿತು. ಹೂವಿನದನ್ನೇ ತಂದೆ. ಹೆಂಗಸರು "ಚಂದ ಐತಿ ನೋಡ್ರಿ" ಅಂದರು. ಆ ಹೊತ್ತಿಗೆ ನನಗೆ ಅಷ್ಟೇ ಸಾಕಾಗಿತ್ತು.

ಹದಿನೈದು ದಿನದಲ್ಲಿ ಹೂ ಉದುರಿತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಮೇಲಿನ ಟೊಂಗೆಗಳು ಕಡ್ಡಿಯಾದವು. ಪ್ರತಿ ಸೋಮವಾರ ಮೊದಲ ಬಸ್ಸಿಗೆ ಹೋಗಿ ನೀರು ಹಾಕಿ ಬರುತ್ತಿದ್ದೆ. ಯುಗಾದಿಯ ಹಿಂದುಮುಂದು ಒಂದು ಸೋಮವಾರ ನೋಡಿದರೆ ಬುಡದ ಹತ್ತಿರ ಕೆಂಪಗೆ ಎರಡು ಚಿಗುರು. ಅಲ್ಲೇ ಕುಳಿತು ಅತ್ತೆ. ಒಣಗಿದ ಭಾಗವನ್ನು ನಾನೇ ಮುರಿದು ತೆಗೆದೆ.

"ಮಾಮಾ, ಹಿಡೀತ ನೋಡ್ರಿ," ಎಂದು ಅಕ್ಕನ ಗಂಡನನ್ನು ಕರೆದೆ.

ಅವರು ಬಂದು ಬಗ್ಗಿ ನೋಡಿ, "ಹೂಂ, ಹಿಡದೈತಿ," ಎಂದು ತೋಟದೊಳಗೆ ಹೋದರು.

ಅಂದಿನಿಂದ ಆ ಚಿಗುರಿನ ಮುಂದೆ ಕುಳಿತು ಮನೆಯ ಸುದ್ದಿ ಎಲ್ಲ ಹೇಳುವುದು ನನಗೆ ರೂಢಿಯಾಯಿತು. ಗಿಡ ಸೊಂಟದೆತ್ತರ ಬಂತು.

ಈ ವರ್ಷ ಮೃಗಶಿರ ಮಳೆಗೆ ಧೈರ್ಯ ಮಾಡಿ ನರ್ಸರಿಗೆ ಹೋದೆ, ತುಳಸಿಗೆಂದು. ನರ್ಸರಿಯವರು ಮಾವಿನ ಸಾಲಿನ ನಡುವೆ ಚೀಲದ ಮೇಲೆ ಕುಳಿತು ಗಿಡಗಳ ಬುಡದ ಎಳೆ ಚಿಗುರುಗಳನ್ನು ಹೆಬ್ಬೆರಳಿನಿಂದ ಚಿವುಟುತ್ತಿದ್ದರು.

"ಚಲೋ ಅದಾವಲ್ರಿ ಅಣ್ಣಾರ, ಯಾಕ ಕೀಳಾಕತ್ತೀರಿ?"

"ಕಲಮ್ ಕಟ್ಟಿದ ಗಂಟ ಐತೆಲ್ರಿ, ಅದರ ಕೆಳಗ ಬಂದದ್ದ ಜವಾರಿ. ಬಿಟ್ರ ಮ್ಯಾಲಿನ ಆಪೂಸ್ ಸಾಯ್ತೈತಿ. ಗಿಡಾ ಹಸರಾಗೇ ಇರತೈತ್ರಿ. ಆದ್ರ ನೀವು ಒಯ್ದದ್ದು ಅದರಾಗ ಇರೂದಿಲ್ಲ."

ತುಳಸಿ ಅಲ್ಲೇ ಬಿಟ್ಟು ಸತ್ತಿಯ ಬಸ್ಸು ಹತ್ತಿದೆ. ಸೋಮವಾರವಲ್ಲದ ದಿನ ನನ್ನನ್ನು ಕಂಡು ಮಾಮಾ ಎದ್ದು ನಿಂತರು.

"ಅಕ್ಕನ ಗಿಡಾ ಜವಾರಿ ಏನ್ರಿ?"

ಅವರು ಗಿಡದ ಕಡೆ ನಡೆದರು, ನಾನೂ ಹಿಂದೆ ಹೋದೆ.

"ದ್ರಾಕ್ಷಿಯಾಗ ಗಂಟಿನ ಕೆಳಗ ಚಿಗರ ಬಿಟ್ರ ಆಳಿನ ಮ್ಯಾಲ ಒದರ್ತೀರಿ. ಇದು ನಿಮಗ ಗೊತ್ತಾಗಲಿಲ್ಲೇನ್ರಿ?"

"ನೀ ಕರದು ತೋರಿಸಿದ ದಿನಾನ ಗೊತ್ತಾತು," ಅಂದರು. "ಮುಂದಿನ ವಾರ ಹೇಳಬೇಕಂತ ಬಂದ್ನಿ. ನೀ ಅದರ ಮುಂದ ಕುಂತು ನಿನ್ನ ಮಂಡಿ ನೋವಿನ ಸುದ್ದಿ ಹೇಳಾಕತ್ತಿದ್ದಿ, ಅಕಿಗೆ. ಹೆಂಗ ಹೇಳ್ಲಿ?"

ಬಗ್ಗಿ ಗಿಡದ ಬುಡ ಅಲುಗಿಸಿ, "ಬೇರು ಗಟ್ಟಿ ಐತಿ. ಚಲೋ ಆಪೂಸ್ ಕಡ್ಡಿ ತಂದು ಇದರ ಮ್ಯಾಲ ಕಟ್ಟತೀನಿ. ಆದ್ರ ಇದನ್ನ ಬುಡಕ್ಕ ಕೊಯ್ಯಬೇಕಾಕ್ಕೈತಿ. ಗಿಡಾ ನಿಂದು, ನೀ ಹೂಂ ಅನ್ನಬೇಕು. ಶ್ರಾವಣದೊಳಗ ಹೇಳು, ಆಮ್ಯಾಲ ಕಡ್ಡಿ ಹಿಡಿಯೂದಿಲ್ಲ," ಅಂದರು.

ಶ್ರಾವಣದ ಸೋಮವಾರಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಪ್ರತಿ ಸಲವೂ ಅವರು ಬದುವಿಗೆ ಬಂದು ನನ್ನ ಮುಖ ನೋಡಿ ನಿಲ್ಲುತ್ತಿದ್ದರು. ನಾನು ಮಳೆಯದು ಕೇಳಿದೆ, ದ್ರಾಕ್ಷಿಯದು ಕೇಳಿದೆ, ಗಿಡ ಕೊಯ್ಯುವ ಮಾತು ಎತ್ತಲಿಲ್ಲ. ಕೊನೆಯ ಸೋಮವಾರ ಅವರೇ, "ಊಟಾ ಮಾಡಿ ಹೋಗು," ಎಂದು ಮನೆಯ ಕಡೆ ನಡೆದರು.